ಕೊರತೆಪಡೆನು

2022ರ ಡಿಸೆಂಬರ್ ಮೊದಲ್ನೇ ವಾರ. ಗಂಗಾವತಿ-ಕಾರಟಗಿ ಕಡೆ ಆ ದಿನಗಳು ಹೆಂಗಿರ್ತಾವು ಅಂತ ನೋಡಿದವ್ರಿಗೇ ಗೊತ್ತು, ಹಗಲು ರಾತ್ರಿ ಕಟಾವು ಮಷಿನ್ ಓಡ್ತಿರ್ತಾವು, ರೋಡಿನ ಒಂದು ಬಾಜು ಪೂರ್ತಿ ಭತ್ತ ಹರವಿರ್ತಾರ, ಅದರ ಸುತ್ತ ಇಟ್ಟ ಕಲ್ಲು ಕಾಣದ ಬೈಕಿನವ್ರು ಬೀಳ್ತಾರ, ಮಿಲ್ಲಿನ ಗೇಟಿನ ಮುಂದ ಟ್ರ್ಯಾಕ್ಟರ್ ಸಾಲು ನಿಂತಿರ್ತೈತಿ. ನಾನು ಅಂಥ ಒಂದು ರೈಸ್ ಮಿಲ್ಲಿನ, ಗಾಡಿ ಸಮೇತ ತೂಗೋ ವೇಬ್ರಿಜ್ ಕ್ಯಾಬಿನ್‌ನಾಗ ಕೂಡೋ ಮನುಷ್ಯ. ಎದುರಿಗೆ ಒಂದು ಕಿಟಕಿ, ಒಂದು ಕಂಪ್ಯೂಟರ್, ಕೆಂಪು ಅಕ್ಷರದಾಗ ಕೆಜಿ ತೋರ್ಸೋ ಡಬ್ಬಿ, ಬೆನ್ನ ಹಿಂದ ಗೋಡಿಗೆ ಒಂದು ವಚನದ ಕಾರ್ಡ್. ಕ್ರಿಸ್ಮಸ್ ಟೈಮಿಗೆ ನಮ್ಮ ಸಭೆಯಾಗ ಹಂಚಿದ್ದು, ಹುಲ್ಲುಗಾವಲು, ನಾಕು ಕುರಿ, ಕೆಳಗ ದಪ್ಪ ಅಕ್ಷರದಾಗ 'ಯೆಹೋವನು ನನಗೆ ಕುರುಬನು, ಕೊರತೆಪಡೆನು'.

ಅವತ್ತು ಒಬ್ರು ವಯಸ್ಸಾದ ರೈತರು ಸ್ಲಿಪ್ ತಗೊಳ್ಳಾಕ ಕಿಟಕಿಗೆ ಬಂದ್ರು. ಹೆಗಲ ಮ್ಯಾಲೆ ಕಂಬಳಿ. ಸ್ಲಿಪ್ ಪ್ರಿಂಟ್ ಆಗೋತನಕ ಒಳಗ ಇಣುಕಿ ಅಕ್ಷರ ಕೂಡಿಸ್ಕೊಂತ ಓದಿದ್ರು, ಯೆ... ಹೋ... ವನು ನನಗೆ ಕುರುಬನು. ಓದಿ ಹಲ್ಲಿಲ್ಲದ ಬಾಯಿ ತುಂಬ ನಕ್ರು.

"ಏ ತಮ್ಮಾ, ನಾವೂ ಕುರುಬರ. ಇದ್ಯಾರಿದು ನಮ್ಮವ್ನ?"

ನಾನೂ ನಕ್ಕು, ಇಲ್ರಿ ಯಜಮಾನ್ರ, ನಮ್ಮ ದೇವ್ರ ವಾಕ್ಯ, ದೇವ್ರು ಕುರಿ ಕಾಯೋನು ಇದ್ದಂಗ ಅಂತ ಅಂದೆ.

"ಕೊರತೆಪಡೆನು ಅಂದ್ರ?"

"ಅಂವ ಕಾಯೋನು ಇದ್ರ ನನಗ ಏನೂ ಕಮ್ಮಿ ಬೀಳಂಗಿಲ್ಲ ಅಂತರಿ."

ಅಷ್ಟೊತ್ತಿಗೆ ಸ್ಲಿಪ್ ಕೈಗೆ ಬಂದಿತ್ತು. ಮೂಗಿನ ಹತ್ರ ಹಿಡ್ಕೊಂಡು ನೋಡಿದ್ರು. ನಾನು ಪೆನ್ನಿಲೆ ಬರೆದಿದ್ದ ಅಂಕಿ ಮ್ಯಾಲೆ ಬೆರಳಿಟ್ರು. "ನಿನಗ ಕಮ್ಮಿ ಬೀಳಂಗಿಲ್ಲ ಬಿಡು. ಚೀಲಕ್ಕ ಎರಡು ಕೆಜಿ ಕಮ್ಮಿ ಬಿದ್ದಿದ್ದು ನನಗ." ಸಿಟ್ಟಿಲ್ಲ ಏನಿಲ್ಲ, ಇವತ್ತು ಬಿಸಿಲು ಜಾಸ್ತಿ ಅನ್ನೋಹಂಗ ಅಂದ್ರು. ಹೋಗೋವಾಗ ತಿರುಗಿ ಇನ್ನೊಂದು ಮಾತು, "ನಾ ನೂರು ಕುರಿ ಬಿಟ್ರ ಸಂಜಿಗೆ ನೂರು ಎಣಿಸ್ತೀನಿ. ನಿಮ್ಮ ಕುರುಬ ಎಣಿಸಿದ್ರ ತೊಂಬತ್ತೇಳು ಅಕ್ಕಾವೇನು?"

ಹಿಂದಿನ ಟ್ರ್ಯಾಕ್ಟರಿನವ ಹಾರ್ನ್ ಹೊಡೀತಿದ್ದ. ನಾ ಮುಂದಿನ ಗಾಡಿ ನಂಬರ್ ಟೈಪ್ ಮಾಡಿದೆ. ಆದ್ರ ಮನಸ್ಸಿನ್ಯಾಗ ಲೆಕ್ಕ ಹತ್ತಿತ್ತು. ನಮ್ಮ ಕಡೆ ಭತ್ತದ ಚೀಲ ಅಂದ್ರ 75 ಕೆಜಿ. 75ಕ್ಕ ಎರಡು ಅಂದ್ರ ನೂರಕ್ಕ ಎರಡೂವರೆ ಮ್ಯಾಲೆ ಚೂರು. ಮುದುಕ ಸಾಲಿ ಕಲ್ತಿದ್ರೋ ಇಲ್ಲೋ, ತೊಂಬತ್ತೇಳು ಅಂತ ಸರಿಯಾಗೇ ಹೇಳಿದ್ರು.

ಹಿಂಗ ಚೀಲಕ್ಕ ಇಷ್ಟು ಅಂತ ತೂಕದಾಗ ಕಳಿಯೋದಕ್ಕ ಸೂಟು ಅಂತಾರ. ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರ ಇದು ಪೂರ್ತಿ ಕಳ್ಳತನ ಅಂತ ಅಂದ್ಬಿಟ್ರ ಅದೂ ಸುಳ್ಳ ಆಗ್ತೈತಿ. ಭತ್ತ ಮಷಿನ್ನಿಲೆ ಕಟಾವಾಗಿ ಸೀದಾ ಗದ್ದಿಯಿಂದ ಬಂದಾಗ ಹಸಿ ಇರ್ತೈತಿ. 20 ಪರ್ಸೆಂಟ್ ತೇವಾಂಶ ಇರೋ ಭತ್ತ ಒಂದು ಕ್ವಿಂಟಲ್ ತಗೊಂಡು 14ಕ್ಕ ಒಣಗಿಸಿದ್ರ ಉಳಿಯೋದು 93 ಕೆಜಿ. ಉಳಿದ ಏಳು ಕೆಜಿ ಬರೀ ನೀರು, ಆ ನೀರಿಗೆ ಮಿಲ್ಲಿನವ ಯಾಕ ರೊಕ್ಕ ಕೊಡ್ಬೇಕು, ಅದು ನ್ಯಾಯದ ಮಾತ. ಸರ್ಕಾರದ ಬೆಂಬಲ ಬೆಲೆ ಖರೀದಿಯಾಗೂ 17 ಪರ್ಸೆಂಟ್ ಮ್ಯಾಲೆ ಇದ್ರ ತಗೊಳ್ಳಂಗಿಲ್ಲ. ಜೊಳ್ಳು, ಮಣ್ಣು, ಹುಲ್ಲಿನ ಕಡ್ಡಿ, ಅದೂ ಇರ್ತೈತಿ. ಆದ್ರ ತೇವಾಂಶ ಎಷ್ಟೈತಿ ಅಂತ ನೋಡ್ಲಿಕ್ಕೆ ಅಂಗೈ ಅಗಲದ ಮೀಟರ್ ಐತಿ, ಒಂದು ಹಿಡಿ ಕಾಳು ಹಾಕಿದ್ರ ಅರ್ಧ ನಿಮಿಷದಾಗ ಹೇಳ್ತೈತಿ. ನಮ್ಮಲ್ಲೂ ಇತ್ತು, ಡ್ರಾದಾಗ. ಸಾಲು ಉದ್ದ ಇದ್ದಾಗ ಯಾರು ತಗೀತಾರ. ಹಸಿ ತಂದವ್ನಿಗೂ ಎರಡು ಕೆಜಿ, ರೋಡಿನ ಮ್ಯಾಲೆ ಮೂರು ದಿನ ಒಣಗಿಸಿ ಗರಗರ ಅನ್ನೋಹಂಗ ತಂದವ್ನಿಗೂ ಎರಡು ಕೆಜಿ. ಈ ಯಜಮಾನ್ರ ಭತ್ತ ಒಣ ಇತ್ತು, ನನಗ ಗೊತ್ತಿತ್ತು, ನಾನೇ ಒಂದು ಕಾಳು ಬಾಯಾಗ ಹಾಕ್ಕೊಂಡು ಕಡಿದಿದ್ದೆ, ಕಟ್ ಅಂತ ಮುರೀತು.

ಇನ್ನೊಂದು ಮಾತು. ವೇಬ್ರಿಜ್ ಅಂದ ಕೂಡ್ಲೆ ಮಂದಿ ಮಷಿನ್ನಿನ ಮ್ಯಾಲೆ ಅನುಮಾನ ಪಡ್ತಾರ. ಕೆಲವು ಕಡೆ ಇರಬಹುದು. ನಮ್ಮದು ಹಂಗಿರ್ಲಿಲ್ಲ, ವರ್ಷಕ್ಕೊಂದ್ಸಲ ಮಾಪನಶಾಸ್ತ್ರ ಇಲಾಖೆಯವ್ರು ಬಂದು ಪರೀಕ್ಷೆ ಮಾಡಿ ಸೀಲ್ ಹಾಕಿ ಹೋಗ್ತಾರ, ಪ್ಲಾಟ್‌ಫಾರ್ಮ್ ಕೆಳಗ ಕೆಸರು ಕೂಡದಂಗ ನಾ ಖುದ್ದ ನಿಂತು ತೆಗಿಸ್ತೀನಿ, ಝೀರೋ ಇಲ್ದ ಗಾಡಿ ಹತ್ತಿಸಂಗಿಲ್ಲ. ಗ್ರಾಸ್ (ತುಂಬಿದ ಗಾಡಿ) ಸರಿ, ಟೇರ್ (ಖಾಲಿ ಗಾಡಿ) ಸರಿ, ನೆಟ್ (ಬರೀ ಭತ್ತ) ಸರಿ. ಮಷಿನ್ ಒಂದು ಕೆಜಿ ಸುಳ್ಳು ಹೇಳಂಗಿಲ್ಲ. ಸುಳ್ಳು ಇದ್ದಿದ್ದು ಪ್ರಿಂಟ್ ಬಂದ ಮ್ಯಾಲೆ ಪೆನ್ನಿಲೆ ಕಳೀತಿದ್ನಲ್ಲ, ಅಲ್ಲಿ. ಅದು ನನ್ನ ಕೈಯಕ್ಷರ.

ಸಂಜಿಗೆ ಕಾರ್ಡ್ ಕಿತ್ತು ಬ್ಯಾಗಿನ್ಯಾಗ ಹಾಕ್ಕೊಂಡೆ. ಪಶ್ಚಾತ್ತಾಪದಿಂದ ಅಂತ ತಿಳ್ಕೋಬ್ಯಾಡ್ರಿ, ಬರೀ ನಾಚಿಕಿ.

ಈಗ ನನ್ನ ಹಿಂದಿನ ಕಥಿ ಸ್ವಲ್ಪ. ನಾ ಹುಟ್ಟಿದ್ದು ಸಿಂಧನೂರು ತಾಲೂಕಿನ ಒಂದು ಹಳ್ಳಿ, ಊರ ಹೊರಗಿನ ಕೇರಿ, ಅಲ್ಲೇ ಒಂದು ತಗಡಿನ ಚರ್ಚು. ಭಾನುವಾರದ ಆರಾಧನಿ ಅರ್ಧ ಕನ್ನಡ ಅರ್ಧ ತೆಲುಗು. ನಮಗ ಕಲಿಸಿದ್ದು ಏನಂದ್ರ ದೇವ್ರ ಕೆಲ್ಸ ಬ್ಯಾರೆ, ಲೋಕದ ಕೆಲ್ಸ ಬ್ಯಾರೆ. ದೇವ್ರ ಕೆಲ್ಸ ಅಂದ್ರ ಪ್ರಾರ್ಥನಿ, ಉಪವಾಸ ಕೂಟ, ಹಾಡು, ಸಾಕ್ಷಿ. ಲೋಕದ ಕೆಲ್ಸ ಅಂದ್ರ ಉಳಿದ ಆರು ದಿನ. ಆ ಆರು ದಿನದಾಗ ನಾವು ಕ್ರೈಸ್ತರು ಅಂತ ತೋರ್ಸೋದು ಹೆಂಗಪ್ಪಾ ಅಂದ್ರ ಕುಡೀಬ್ಯಾಡ, ಸಿನಿಮಾ ನೋಡಬ್ಯಾಡ, ಪ್ರಸಾದ ತಿನ್ನಬ್ಯಾಡ, ಬೈಕಿಗೆ ಸ್ಟಿಕ್ಕರ್ ಅಂಟಿಸು. ನಾ ಇವನ್ನೆಲ್ಲ ಚಾಚೂ ತಪ್ಪದ ಮಾಡಿದೀನಿ. ವಾಟ್ಸಪ್ ಸ್ಟೇಟಸ್‌ಗೆ ದಿನಾ ಮುಂಜಾನಿ ಒಂದು ವಾಕ್ಯ ಹಾಕ್ತಿದ್ದೆ, ಅದನ್ನ ಹಾಕಿದ ಹತ್ತು ನಿಮಿಷಕ್ಕ ಪೆನ್ನು ತಗೊಂಡು ಕಳ್ಯಾಕ ಕುಂದರ್ತಿದ್ದೆ.

ಆಯುಧಪೂಜಿ ಕಥಿ ಹೇಳಲೇಬೇಕು. ಮಿಲ್ಲಿನ್ಯಾಗ ಆಯುಧಪೂಜಿ ಅಂದ್ರ ದೊಡ್ಡ ಹಬ್ಬ, ವೇಬ್ರಿಜ್‌ಗೂ ಬಾಳೆಕಂಬ ಕಟ್ತಾರ, ಕೆಜಿ ತೋರ್ಸೋ ಡಬ್ಬಿಗೂ ವಿಭೂತಿ ಕುಂಕುಮ, ಪ್ಲಾಟ್‌ಫಾರ್ಮ್ ಮ್ಯಾಲೆ ಕುಂಬಳಕಾಯಿ ಒಡೀತಾರ. ಮೊದಲ್ನೇ ಎರಡು ವರ್ಷ ನಾ ಜ್ವರ ಅಂತ ಸುಳ್ಳು ಹೇಳಿ ರಜಾ ಹಾಕಿದೆ. ವಿಗ್ರಹಾರಾಧನಿಯಿಂದ ದೂರ ಇರಾಕ ಸುಳ್ಳು ಹೇಳಿದ್ದು ಪಾಪ ಅಂತ ತಲಿಗೆ ಬರಲೇ ಇಲ್ಲ ನೋಡ್ರಿ! ಮೂರನೇ ವರ್ಷ ನಮ್ಮ ಹಳೇ ಪಾಸ್ಟರ್ ಅಯ್ಯನೋರು ನಾಮಾನನ ಕಥಿ ಓದಿಸಿದ್ರು, ಎರಡನೇ ಅರಸುಗಳು ಐದನೇ ಅಧ್ಯಾಯ. ಕುಷ್ಠ ವಾಸಿಯಾದ ಅರಾಮ್ಯರ ಸೇನಾಪತಿ ಎಲೀಷನ ಹತ್ರ ಒಂದು ವಿಚಿತ್ರ ಅಪ್ಪಣಿ ಕೇಳ್ತಾನ. ನಮ್ಮ ರಾಜ ರಿಮ್ಮೋನನ ಗುಡಿಗೆ ಹೋಗೋವಾಗ ನನ್ನ ಕೈ ಹಿಡ್ಕೊಂಡು ಹೋಗ್ತಾನ, ಅವ ಬಗ್ಗಿದ್ರ ನಾನೂ ಬಗ್ಗಬೇಕಾಗ್ತೈತಿ, ಅದೊಂದು ಕ್ಷಮಿಸಲಿ ಅಂತ. ಪ್ರವಾದಿ ಬೈಯಂಗಿಲ್ಲ, ಭಾಷಣ ಮಾಡಂಗಿಲ್ಲ, ಸಮಾಧಾನದಿಂದ ಹೋಗು ಅಂತ ಕಳಿಸ್ತಾನ. ಅಯ್ಯನೋರು ಅಂದ್ರು, "ಬಾಳೆಕಂಬ ಕಟ್ಟಾಕ ಹಗ್ಗ ಹಿಡಿ, ಕಸ ಹೊಡಿ, ಮಂದಿಗೆ ನೀರು ಕೊಡು. ಕೈ ಮುಗಿಯೋವಾಗ ಸುಮ್ನ ನಿಂದ್ರು. ಕೇಳಿದ್ರ ಹೇಳು. ಮನಿಯಾಗ ಮುಸುಕು ಹಾಕ್ಕೊಂಡು ಮಲಗಬ್ಯಾಡ." ಅವತ್ತಿಂದ ಹಂಗ ಮಾಡ್ತೀನಿ, ಯಾರೂ ಏನೂ ಅಂದಿಲ್ಲ. ಸಾವ್ಕಾರ್ರು ಬೋನಸ್ ಕವರ್ ಕೊಡೋವಾಗ ನನ್ನ ಕವರಿಗೆ ಮಾತ್ರ ಕುಂಕುಮ ಹಚ್ಚಂಗಿಲ್ಲ. ಅದನ್ನ ನಾ ಯಾವತ್ತೂ ಕೇಳ್ಕೊಂಡಿರ್ಲಿಲ್ಲ.

ಆ ಮುದುಕ ಬಂದು ಹೋದ ರಾತ್ರಿ ನಿದ್ದಿ ಹತ್ತದ ಬೈಬಲ್ ತಗೊಂಡು ತೂಕ, ತ್ರಾಸು, ಅಳತಿ ಅಂತ ಹುಡುಕ್ಲಿಕ್ಕೆ ಕುಂತೆ. ಜ್ಞಾನೋಕ್ತಿ ಹನ್ನೊಂದನೇ ಅಧ್ಯಾಯದ ಮೊದಲ್ನೇ ವಚನಾನೇ ಮೋಸದ ತ್ರಾಸು ದೇವ್ರಿಗೆ ಅಸಹ್ಯ ಅಂತೈತಿ. ಇಪ್ಪತ್ತನೇ ಅಧ್ಯಾಯದಾಗ ಅದೇ ಮಾತು ಮತ್ತ. ಯಾಜಕಕಾಂಡ ಹತ್ತೊಂಬತ್ತರಾಗ ನ್ಯಾಯವಾದ ತ್ರಾಸು, ನ್ಯಾಯವಾದ ಅಳತಿ ಇರ್ಲಿ ಅಂದು, ಮುಂದ, ನಿಮ್ಮನ್ನ ಐಗುಪ್ತದಿಂದ ಬಿಡಿಸಿದವ್ನು ನಾನ ಅಂತ ಸೇರಿಸ್ತೈತಿ. ತ್ರಾಸಿಗೂ ಗುಲಾಮಗಿರಿಗೂ ಏನು ಸಂಬಂಧ ಅಂತ ನೀವ ವಿಚಾರ ಮಾಡ್ರಿ, ನಾ ಮಾಡಿ ಸುಸ್ತಾದೆ. ಧರ್ಮೋಪದೇಶಕಾಂಡದಾಗ ಚೀಲದೊಳಗ ದೊಡ್ಡದೊಂದು ಸಣ್ಣದೊಂದು ತೂಕದ ಕಲ್ಲು ಇಟ್ಕೋಬ್ಯಾಡ ಅಂತೈತಿ, ಅಂದ್ರ ತಗೊಳ್ಳಾಕ ಒಂದು, ಕೊಡಾಕ ಒಂದು. ಪ್ರವಾದಿ ಆಮೋಸನಂತೂ ಬೆಂಕಿ. ಅವನೂ ಕುರಿ ಕಾಯೋನ. ವ್ಯಾಪಾರ ಮಾಡಬಾರದ ಸಬ್ಬತ್ ದಿನ ಯಾವಾಗ ಮುಗಿದೀತೋ, ಯಾವಾಗ ದವಸದ ಅಂಗಡಿ ತೆಗೆದೇವೋ ಅಂತ ಕಾಯೋ ವ್ಯಾಪಾರಸ್ಥರನ್ನ ಬೈತಾನ, ಅಳತಿ ಸಣ್ಣದು ಮಾಡ್ತೀರಿ, ತೂಕದ ಕಲ್ಲು ದೊಡ್ಡದು ಮಾಡ್ತೀರಿ, ಕಸಕಡ್ಡಿನೂ ಮಾರ್ತೀರಿ ಅಂತ. ಅಂದ್ರ ಆ ಮಂದಿ ಆರಾಧನಿಗೆ ಬಂದೇ ಇದ್ರು. ಕುಂತಲ್ಲೇ ಲೆಕ್ಕ ಹಾಕ್ತಿದ್ರು. ಅದು ನಾನ. ಸುಗ್ಗಿ ಟೈಮಿನ್ಯಾಗ ಪ್ರಸಂಗ ಉದ್ದ ಆದ್ರ ನಾನೂ ಫೋನ್ ತಗದು ಟೈಮ್ ನೋಡ್ತೀನಿ.

ಸಿಟ್ಟು ಬಂದಿದ್ದು ಯಾಕಂದ್ರ ಹುಟ್ಟಿದಾಗಿಂದ ಚರ್ಚಿಗೆ ಹೋಗ್ತೀನಿ, ತೂಕದ ಮ್ಯಾಲೆ ಒಂದು ಪ್ರಸಂಗ ಕೇಳಿದ ನೆನಪಿಲ್ಲ. ದಶಮಾಂಶದ ಮ್ಯಾಲೆ ಎಷ್ಟು ಕೇಳೀನೋ ಲೆಕ್ಕ ಇಲ್ಲ. ನಾನೂ ತಪ್ಪದ ಕೊಡ್ತಿದ್ದೆ, ಸೂಟಿನ ಸಂಬಳದಾಗ ಹತ್ತರಾಗ ಒಂದು ಪಾಲು. ಪುದೀನ ಸಬ್ಬಸಿಗಿಯೊಳಗೂ ಹತ್ತರಲ್ಲೊಂದು ಎತ್ತಿಟ್ಟು ನ್ಯಾಯ ಬಿಟ್ರಿ ಅಂತ ಯೇಸು ಬೈದಿದ್ದು ಯಾರೋ ಹಳೇ ಕಾಲದ ಫರಿಸಾಯರಿಗೆ ಅಂತ ನಾ ತಿಳ್ಕೊಂಡಿದ್ದೆ.

ಅವತ್ತು ಒಂದು ವಿಚಾರ ಬಂತು. ಈ ಮಾತುಗಳು ಕನ್ನಡಕ್ಕ ಬಂದಿದ್ದು ಎಲ್ಲೋ ದೂರದಿಂದ ಅಲ್ಲ, ನಮ್ಮ ಬಳ್ಳಾರಿಯಿಂದ. 1810ರಾಗ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕುಂತು ಕನ್ನಡ ಕಲಿತು ವರ್ಷಗಟ್ಟಲೆ ತರ್ಜುಮಿ ಮಾಡಿದ್ರು, 1831ಕ್ಕ ಇಡೀ ಬೈಬಲ್ ಕನ್ನಡದಾಗ ಆತು. ಆಮೇಲೆ ತಿದ್ದುಪಡಿ ಆಗ್ಯಾವು, ಈಗ ನಾವು ಓದೋ ಮಾತು ಅದೇ ಅಲ್ಲ. ಆದ್ರೂ ಒಬ್ಬ ಪರದೇಶಿ ಬಳ್ಳಾರಿ ಬಿಸಿಲಾಗ ಕುಂತು ಸಂತಿಯಾಗಿನ ತ್ರಾಸು, ಸೇರು, ಕೊಳಗ ನೋಡಿ, ಇಬ್ರಿಯರ ಅಳತಿಗೆ ಇಲ್ಲಿ ಏನಂತಾರ ಅಂತ ಯಾರನ್ನೋ ಕೇಳಿರಬೇಕಲ್ಲ, ಕೇಳಿಸ್ಕೊಂಡವ್ನೂ ಒಬ್ಬ ವ್ಯಾಪಾರಿನೇ ಇರಬೇಕು ಅನ್ನೋ ಕಲ್ಪನಿ ನನಗ ಭಾಳ ಖುಷಿ ಕೊಡ್ತೈತಿ. ಇದು ನನ್ನ ಕಲ್ಪನಿ ಅಷ್ಟ.

ಮರುದಿನ ಇದನ್ನೆಲ್ಲ ನಮ್ಮ ಹಮಾಲರ ಮೇಸ್ತ್ರಿಗೆ ಹೇಳಿದೆ, ಸ್ವಲ್ಪ ಜಂಬದಿಂದಾನೇ, ನೋಡು ಕಾಕಾ ನಮ್ಮ ಗ್ರಂಥದಾಗ ತೂಕದ ಬಗ್ಗೆ ಎಷ್ಟೈತಿ ಅಂತ. ಕಾಕಾ ಲಿಂಗಸುಗೂರು ಕಡೆಯವ್ರು, ಕೊರಳಾಗ ಲಿಂಗ, ಬೆನ್ನ ಮ್ಯಾಲೆ ಚೀಲ ಹೊತ್ತು ಹೊತ್ತು ಒಂದು ಗಂಟು. ಚಾ ಕುಡ್ಕೊಂತ ಅಂದ್ರು, "ನಿಮ್ಮ ಗ್ರಂಥ ಇರ್ಲಿ, ನಮ್ಮೂರ ಬಾಜು ಅಮರೇಶ್ವರದಾಕಿ ಶರಣಿ ಆಯ್ದಕ್ಕಿ ಲಕ್ಕಮ್ಮ ಗೊತ್ತಿಲ್ಲೇನು? ಗಂಡ ಮಾರಯ್ಯ ಕಲ್ಯಾಣದಾಗ ಬಿದ್ದ ಅಕ್ಕಿ ಆಯ್ಕೊಂಡು ಬರ್ತಿದ್ದ. ಒಂದಿನ ದಿನಕ್ಕಿಂತ ಜಾಸ್ತಿ ತಂದ. ಹೋಗು, ಹೆಚ್ಚಿಗಿದ್ದಿದ್ದು ಅಲ್ಲೇ ಸುರುವಿ ಬಾ ಅಂತ ವಾಪಸ್ ಕಳಿಸಿದ್ಲು." ಆಮೇಲೆ ಮಿಲ್ಲಿನ ಅಂಗಳದ ಕಡೆ ಕೈ ತೋರ್ಸಿದ್ರು, ಹಮಾಲರ ಹೆಣ್ಮಕ್ಕಳು ಸಂಜಿಗೆ ಗುಡಿಸಿ ತಗೊಂಡು ಹೋಗೋ ಕಾಳಿನ ಗುಡ್ಡಿ ಕಡೆ. "ಇಲ್ಲಿ ಆಯೋ ಮಂದಿನೂ ಅದಾರ, ಆಯ್ದಂಗ ಮಾಡಿ ಕಸಗೊಳ್ಳೋ ಮಂದಿನೂ ಅದಾರ."

ನನ್ನ ಜಂಬ ಅಲ್ಲೇ ಇಳೀತು. ಕಾಯಕ ಅನ್ನೋ ಮಾತು ಹುಟ್ಟಿದ ನಾಡಿನ್ಯಾಗ ಕುಂತು, ದುಡಿಮಿಯೊಳಗ ದೇವ್ರನ್ನ ಕಾಣೋದು ನಾವ ಕ್ರೈಸ್ತರು ಕಂಡುಹಿಡದ್ವಿ ಅನ್ನೋಹಂಗ ಮಾತಾಡಾಕ ಹೊಂಟಿದ್ದೆ. ಒಂದು ಫರಕ್ ಐತಿ ಅಂತ ಈಗಲೂ ನನಗ ಅನಿಸ್ತೈತಿ, ನನಗ ಕೆಲ್ಸಾನೇ ಕೈಲಾಸ ಅಲ್ಲ, ಕೆಲ್ಸದಾಗ ನಾ ಸೋತಾಗ್ಲೂ ಹಿಡ್ಕೊಳ್ಳೋ ಒಂದು ಕೈ ಐತಿ ಅನ್ನೋದು ನನ್ನ ನಂಬಿಕಿ. ಆದ್ರ ಕಾಕಾನ ಮುಂದ ಆ ವಾದ ಹೂಡ್ಲಿಕ್ಕೆ ಪೆನ್ನು ಹಿಡಿದ ನನ್ನ ಕೈಗೆ ಅವತ್ತು ಮುಖ ಇರ್ಲಿಲ್ಲ.

ಸಾವ್ಕಾರ್ರ ಹತ್ರ ಹೋಗಾಕ ನನಗ ಎರಡು ತಿಂಗಳು ಬೇಕಾತು. ಸುಗ್ಗಿ ಮುಗದು ಕೆಲ್ಸ ಕಡಿಮಿ ಆದಾಗ ಹೋದೆ, ಅದೂ ಹೇಡಿತನಾನೇ. ಲೂಕನ ಸುವಾರ್ತೆಯಾಗ ಸುಂಕದವ್ರು ಬಂದು ನಾವೇನ್ ಮಾಡ್ಬೇಕು ಅಂತ ಸ್ನಾನಿಕ ಯೋಹಾನನ್ನ ಕೇಳಿದಾಗ ಕೆಲ್ಸ ಬಿಡ್ರಿ ಅಂತ ಹೇಳಂಗಿಲ್ಲ, ಗೊತ್ತುಮಾಡಿದ್ದಕ್ಕಿಂತ ಹೆಚ್ಚಿಗೆ ವಸೂಲಿ ಮಾಡಬ್ಯಾಡ್ರಿ ಅಂತಾನ, ಅದೊಂದು ಧೈರ್ಯ ಹಿಡ್ಕೊಂಡು ಹೋಗಿದ್ದೆ.

"ಸಾವ್ಕಾರ್ರ, ಸೂಟು ಬಿಡೋಣ ಅಂತ ಹೇಳಾಕತ್ತಿಲ್ರಿ. ಮೀಟರ್ ಹಾಕಿ ತೇವಾಂಶ ಎಷ್ಟೋ ಅಷ್ಟ ಕಳೆಯೋಣ, ಸ್ಲಿಪ್‌ನಾಗ ಪ್ರಿಂಟ್ ಮಾಡೋಣ. ಹಸಿ ತಂದವ್ನಿಗೆ ಎರಡಲ್ಲ ನಾಕು ಹೋಗ್ಲಿ, ಒಣ ತಂದವ್ನಿಗೆ ಸೊನ್ನಿ."

ಅವ್ರು ಕನ್ನಡಕ ತಗದು ಟೇಬಲ್ ಮ್ಯಾಲೆ ಇಟ್ರು. "ಯಾರಾದ್ರೂ ಸಂಘದವ್ರು ಕಳಿಸ್ಯಾರೇನೋ?"

"ಇಲ್ರಿ."

"ಮತ್ತ ನಿಮ್ಮ ಪಾಸ್ಟರ್ ಏನ್ ಹೇಳಿದ್ನಾ?"

"ಅವ್ರೂ ಇಲ್ರಿ. ಒಬ್ರು ಕುರುಬರ ಯಜಮಾನ್ರು."

ಪೂರ್ತಿ ಕಥಿ ಹೇಳಿದೆ. ನಗ್ತಾರ ಅಂದ್ಕೊಂಡಿದ್ದೆ, ನಗ್ಲಿಲ್ಲ. ಅವ್ರೂ ತಮ್ಮ ಲೆಕ್ಕ ಹೇಳಿದ್ರು, ಬ್ಯಾಂಕಿನ ಸಿಸಿ ಲೋನ್ ಬಡ್ಡಿ, ಬಾಜು ಮಿಲ್ಲಿನವ ಎರಡು ಕೆಜಿ ಸೂಟು ಹಿಡಿದು ಚೀಲಕ್ಕ ಇಪ್ಪತ್ತು ರೂಪಾಯಿ ಜಾಸ್ತಿ ರೇಟ್ ಕೂಗ್ತಾನ, ನಾವು ಸೂಟು ಬಿಟ್ಟು ರೇಟ್ ಇಳಿಸಿದ್ರ ಗಾಡಿ ಎಲ್ಲಾ ಅವನ ಗೇಟಿಗೆ ಹೋಗ್ತಾವು, ರೈತ ಕೇಳೋದು ರೇಟು, ತೂಕ ಅಲ್ಲ. ಇದು ಸುಳ್ಳಲ್ಲ. ಮಾರ್ಕೆಟ್ಟಿನ್ಯಾಗ ಎಲ್ಲಾರ ತ್ರಾಸೂ ಓರೆ ಇದ್ದಾಗ ಒಬ್ಬನ ತ್ರಾಸು ನೆಟ್ಟಗಿದ್ರ ಅದ ಓರೆ ಕಾಣ್ತೈತಿ. ಕಡೀಗೆ ಏನಾತು ಅಂದ್ರ ಸ್ಲಿಪ್‌ನಾಗ ತೇವಾಂಶದ ಒಂದು ಕಾಲಂ ಬಂತು. ಯಾರು ಕೇಳ್ತಾರೋ ಅವ್ರಿಗೆ ಮೀಟರ್ ಹಾಕೋದು, ಕೇಳದವ್ರಿಗೆ ಹಳೇ ಪದ್ಧತಿ. ಮುಂದಿನ ಸುಗ್ಗಿಗೆ ನನ್ನ ತೌಡಿನ ಗೋಡೌನಿಗೆ ಹಾಕಿದ್ರು, ಅಲ್ಲಿ ಧೂಳಿಗೆ ಕೆಮ್ಮಿ ಕೆಮ್ಮಿ ಎದಿ ನೋವು ಬಂತು, ಅದರ ಮುಂದಿನ ಸುಗ್ಗಿಗೆ ಬ್ಯಾರೆ ಹುಡುಗ ಕೆಲ್ಸ ಬಿಟ್ಟಿದ್ದಕ್ಕ ಮತ್ತ ಕ್ಯಾಬಿನ್‌ಗೆ ಕರದ್ರು. ಸಾಕ್ಷಿ ಕೂಟದಾಗ ಇದನ್ನ ಹೇಳು ಅಂತ ಒಬ್ರು ಅಂದ್ರು. ಏನಂತ ಹೇಳ್ಲಿ, ಅರ್ಧ ಗೆದ್ದೆ ಅಂತನಾ?

ಕೇಳಿದವ್ರಿಗೆ ಮೀಟರ್ ಅಂದ್ನಲ್ಲ. ಕೇಳೋದು ಯಾರು ಗೊತ್ತೇನ್ರಿ, ದೊಡ್ಡ ರೈತರು, ಬಿಳಿ ಪಂಚಿಯವ್ರು. ಮಂದಿ ಹೊಲ ಎರಡೆಕರೆ ಕೋರು ಮಾಡಿದವ ಕೇಳಂಗಿಲ್ಲ, ಅವನಿಗೆ ಹಂಗ ಕೇಳಬಹುದು ಅಂತ ಗೊತ್ತಿಲ್ಲ. ಹಿಂಗಾಗಿ ನಾ ಈಗ ಕಿಟಕಿಯಾಗಿಂದ ನಾನ ಕೇಳ್ತೀನಿ, "ಮೀಟರ್ ಹಾಕ್ಲೇನ್ರಿ?" ಅಂತ. ಅಷ್ಟು ಮಾಡ್ಲಿಕ್ಕೆ ಯಾರ ಅಪ್ಪಣಿನೂ ಬೇಕಾಗಿಲ್ಲ. ಸಾವ್ಕಾರ್ರಿಗೆ ಗೊತ್ತೈತಿ, ನೋಡಿಯೂ ನೋಡದಂಗ ಇರ್ತಾರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಹರಿದು ಗೇಟು ಕೊಚ್ಕೊಂಡು ಹೋತಲ್ಲ, ಆ ವಾರ ನಮ್ಮ ಭಾಗದಾಗ ಅನ್ನ ಗಂಟಲಾಗ ಇಳೀಲಿಲ್ಲ. ಆಗಷ್ಟ ನಾಟಿ ಆಗಿತ್ತು. 1953ರಿಂದ ನಿಂತಿದ್ದ ಡ್ಯಾಮು, ಅದರ ಎಡದಂಡಿ ಕಾಲುವಿ ಅಂದ್ರ ನಮ್ಮ ಮಿಲ್ಲು, ನಮ್ಮ ಸಂಬಳ, ನಮ್ಮ ಚರ್ಚಿನ ಕಾಣಿಕಿ ಪೆಟ್ಟಿಗಿ ಎಲ್ಲಾ. ಸಭೆಯಾಗ ರಾತ್ರಿ ಪ್ರಾರ್ಥನಿ ಇಟ್ರು. ಎಲ್ಲಾರೂ ಜೋರಾಗಿ, ಕರ್ತನೇ ನೀರು ನಿಲ್ಲಿಸು, ಕೆಂಪು ಸಮುದ್ರದಾಗ ನಿಲ್ಲಿಸಿದಂಗ ನಿಲ್ಲಿಸು ಅಂತ. ಒಬ್ಬಾಕಿ ಅಜ್ಜಿ, ಗದ್ದಿ ಕೂಲಿಯಾಕಿ, ಕಡೀಗೆ ಎದ್ದು, ಅಲ್ಲಿ ಆ ಕಬ್ಬಿಣ ಇಳಿಸಾಕತ್ತಿರೋ ಹುಡುಗ್ರ ಕೈ ನಡುಗದಂಗ ನೋಡ್ಕೋ ತಂದೆ, ಅವ್ರ ತಾಯಂದ್ರು ಮನಿಯಾಗ ಕಾಯಾಕತ್ಯಾರ ಅಂದ್ಲು. ಅಷ್ಟ. ಆ ಹುಡುಗ್ರು ಯಾವ ದೇವ್ರಿಗೆ ಕೈ ಮುಗಿಯೋರು ಅಂತ ಆಕಿ ಕೇಳ್ಲಿಲ್ಲ. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವ್ರ ಮಾರ್ಗದರ್ಶನದಾಗ ಹರಿಯೋ ನೀರೊಳಗ ಸ್ಟಾಪ್‌ಲಾಗ್, ಅಂದ್ರ ನೀರು ತಡಿಯೋ ಕಬ್ಬಿಣದ ಹಲಗಿ ಇಳಿಸಿದ್ರು, ಒಂದು ವಾರದೊಳಗ ನೀರು ನಿಂತಿತು. ಮುಂದಿನ ಭಾನುವಾರ ಸ್ತೋತ್ರ ಆರಾಧನಿ ಆತು, ಚಪ್ಪಾಳಿ ಹೊಡದ್ವಿ. ವೆಲ್ಡಿಂಗ್ ಮಾಡಿದವ್ರ ಹೆಸರು ಯಾರೂ ಎತ್ಲಿಲ್ಲ. ಅಜ್ಜಿ ಕೂಲಿಗೆ ಹೋಗಿದ್ಲು.

ಈಗ ಬರೀಲಿಕ್ಕೆ ಮನಸ್ಸಿಲ್ಲದ ಮಾತು. ಬರೀದಿದ್ರ ಈ ಬರಹಾನೂ ಸೂಟು ಹಿಡಿದಂಗ.

ನನಗ ಎರಡು ಹೆಸರು, ಸಭೆಯಾಗ ಒಂದು ಸಾಲಿಯಾಗ ಒಂದು. ನನ್ನ ಓರಗಿಯ ಬಾಳ ಮಂದಿಗೆ ಹಂಗ ಐತಿ. ಅಪ್ಪ ದೀಕ್ಷಾಸ್ನಾನ ತಗೊಂಡಿದ್ರೂ ಸಾಲಿ ದಾಖಲಾತಿಯಾಗ ಹಳೇ ಹೆಸರು, ಹಳೇ ಧರ್ಮ, ಜಾತಿ ಎಸ್ಸಿ ಅಂತ ಬರಸಿದ. ಆ ಸರ್ಟಿಫಿಕೇಟಿನ ಮ್ಯಾಲೆ ನಾ ಹಾಸ್ಟೆಲ್‌ನಾಗ ಇದ್ದು ಬಿಕಾಂ ಮುಗಿಸಿದೆ. ಕಾನೂನು ಏನಂದ್ರ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಇದ್ದವ್ರಷ್ಟ ಪರಿಶಿಷ್ಟ ಜಾತಿ, 1956ರಾಗ ಸಿಖ್ಖರನ್ನ ಸೇರಿಸಿದ್ರು, 1990ರಾಗ ಬೌದ್ಧರನ್ನ. ಕ್ರೈಸ್ತ ಆದ್ರ ಆ ಪಟ್ಟಿಯಿಂದ ಹೊರಗ. ನಮ್ಮ ರಾಜ್ಯದಾಗ ಹಂಗ ಮತಾಂತರ ಆದವ್ರಿಗೆ ಪ್ರವರ್ಗ-1 ಐತಿ, ಹಿಂದುಳಿದವ್ರ ಪಟ್ಟಿ. 2024ರ ನವೆಂಬರ್‌ನಾಗ ಸುಪ್ರೀಂ ಕೋರ್ಟ್ ಪುದುಚೇರಿಯ ಒಂದು ಕೇಸಿನಾಗ ಖಡಕ್ಕಾಗಿ ಹೇಳ್ತು, ನಂಬಿಕಿ ಇಲ್ದ ಬರೀ ಮೀಸಲಾತಿ ಸಲುವಾಗಿ ಧರ್ಮ ಹೇಳ್ಕೊಂಡ್ರ ಅದು ಸಂವಿಧಾನಕ್ಕ ಮಾಡೋ ಮೋಸ ಅಂತ. ಪೇಪರ್‌ನಾಗ ಓದಿದಾಗ ಕ್ಯಾಬಿನ್‌ನಾಗ ಒಬ್ಬನ ಇದ್ದೆ, ಆದ್ರೂ ಪೇಪರ್ ಮಡಚಿ ಇಟ್ಟೆ.

ನನ್ನ ವಾದಾನೂ ಐತಿ. ನಮ್ಮೂರಾಗ ಚಾದ ಅಂಗಡಿಯವ ಪ್ಲಾಸ್ಟಿಕ್ ಲೋಟ ಕೊಡೋವಾಗ ನಿನಗ ದೀಕ್ಷಾಸ್ನಾನ ಆಗೈತೇನು ಅಂತ ಕೇಳಂಗಿಲ್ಲ. ಮನಿ ಬಾಡಿಗಿಗೆ ಕೇಳ್ಲಿಕ್ಕೆ ಹೋದ್ರ ಯಾವ ಕೇರಿ ಅಂತಾರ, ಯಾವ ಚರ್ಚು ಅನ್ನಂಗಿಲ್ಲ. ಅಲ್ಲಿ ನನ್ನ ತೂಕ ಹಳೇದ. ಅರ್ಜಿ ಫಾರ್ಮಿನ್ಯಾಗ ಮಾತ್ರ ಬ್ಯಾರೆ ಕಲ್ಲು. ದೊಡ್ಡದೊಂದು ಸಣ್ಣದೊಂದು. ಇದನ್ನ ನಾ ನಂಬ್ತೀನಿ, ಸರ್ಕಾರದ ತ್ರಾಸು ಇಲ್ಲಿ ನೆಟ್ಟಗಿಲ್ಲ ಅಂತ. 2022ರಾಗ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವ್ರ ಆಯೋಗ ಮಾಡಿದ್ದೂ ಇದನ್ನೇ ನೋಡ್ಲಿಕ್ಕೆ. ಆದ್ರ ಬಾಜು ಮಿಲ್ಲಿನವನ ತ್ರಾಸು ಓರೆ ಐತಿ ಅಂತ ಸಾವ್ಕಾರ್ರು ಹೇಳಿದಾಗ ನಾ ಏನಂದ್ಕೊಂಡಿದ್ದೆ? ಅದೇ ಮಾತು ನನ್ನ ಬಾಯಾಗ ಬಂದ್ರ ಸರಿ ಆಗ್ತೈತೇನು?

ಮಗಳನ್ನ ಈ ವರ್ಷ ದೊಡ್ಡ ಸಾಲಿಗೆ ಹಾಕ್ಬೇಕಾಗಿತ್ತು. ಫಾರ್ಮಿನ್ಯಾಗ ಧರ್ಮ ಅನ್ನೋ ಕಡೆ ಕ್ರಿಶ್ಚಿಯನ್ ಅಂತ ಬರೀತೀನಿ, ನಾಡಕಚೇರಿಗೆ ಹೋಗಿ ಪ್ರವರ್ಗ-1 ಸರ್ಟಿಫಿಕೇಟ್ ಮಾಡಿಸ್ತೀನಿ ಅಂತ ಹೆಂಡ್ತಿಗೆ ಹೇಳಿದೆ. ಆಕಿ ರೊಟ್ಟಿ ಬಡಿಯೋದು ನಿಲ್ಲಿಸಿದ್ಲು. "ನೀವು ಆ ಸರ್ಟಿಫಿಕೇಟಿನ ಮ್ಯಾಲೆ ಓದಿ, ನೌಕರಿ ಹಿಡಿದು, ಈಗ ನಿಮಗ ದೇವ್ರ ಭಯ ಬಂತು. ನಿಮ್ಮ ಪ್ರಾಮಾಣಿಕತನಕ್ಕ ನನ್ನ ಮಗಳ್ಯಾಕ ಸೂಟು ಕೊಡಬೇಕ್ರಿ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಬೈಬಲ್‌ನಾಗಿನ ಸುಂಕದವ ಜಕ್ಕಾಯ ತಾನು ಕಸ್ಕೊಂಡಿದ್ದನ್ನ ನಾಕರಷ್ಟು ವಾಪಸ್ ಕೊಡ್ತೀನಿ ಅಂದ, ಖರೆ, ಆದ್ರ ಅವ ಕೊಟ್ಟಿದ್ದು ತನ್ನ ರೊಕ್ಕ, ಮಗಳ ಸೀಟು ಅಲ್ಲ. ಅಯ್ಯನೋರನ್ನ ಕೇಳಿದೆ, ಅವ್ರು ಬಹಳ ಹೊತ್ತು ಸುಮ್ನಿದ್ದು, ನನಗೂ ಎರಡು ಹೆಸರು ಅದಾವಪ್ಪಾ ಅಂದ್ರು. ಸಾಲಿಯವ್ರು ಜಾತಿ ಸರ್ಟಿಫಿಕೇಟ್ ಆಮೇಲೆ ಕೊಟ್ರೂ ನಡೀತೈತಿ ಅಂದಿದ್ದಕ್ಕ ಆ ಕಾಲಂ ಖಾಲಿ ಬಿಟ್ಟು ಅಡ್ಮಿಷನ್ ಮಾಡಿಸಿದ್ವಿ. ನಾಡಕಚೇರಿ ಅರ್ಜಿ ತುಂಬಿಟ್ಟೀನಿ, ಸಹಿ ಹಾಕಿಲ್ಲ, ಊಟದ ಡಬ್ಬಿ ಜೊತಿ ದಿನಾ ಬ್ಯಾಗಿನ್ಯಾಗ ಹೋಗ್ತೈತಿ ಬರ್ತೈತಿ.

ಕಳೆದ ಸುಗ್ಗಿಗೆ ಆ ಯಜಮಾನ್ರು ಮತ್ತ ಬಂದ್ರು. ನಡುವ ಎರಡು ವರ್ಷ ಬ್ಯಾರೆ ಮಿಲ್ಲಿಗೆ ಹಾಕಿದ್ರಂತ. ಈ ಸಲ ಮಗ ಟ್ರ್ಯಾಕ್ಟರ್ ಹೊಡ್ಕೊಂಡು ಬಂದಿದ್ದ, ಇವ್ರು ಕೋಲು ಊರ್ಕೊಂತ ಕಿಟಕಿಗೆ ಬಂದು ಒಳಗ ಇಣುಕಿದ್ರು. ಗೋಡಿಯಾಗ ಮೊಳೆ ಒಂದ ಉಳಿದೈತಿ.

"ಎಲ್ಲಿ ಹೋದ ನಿಮ್ಮ ಕುರುಬ?"

"ಮನಿಯಾಗ ಅದಾನ್ರಿ."

"ಕುರಿ ಇಲ್ಲಿ ಬಿಟ್ಟು ಮನಿಯಾಗ ಏನ್ ಮಾಡ್ತಾನ ಅಂವ?"

ನಾ ಡ್ರಾ ತಗದು ಮೀಟರ್ ಕೈಗೆ ತಗೊಂಡೆ, ಮೀಟರ್ ಹಾಕ್ಲೇನ್ರಿ ಅಂತ ಕೇಳಿದೆ. ಅವ್ರು ಮಗನಿಗೆ ಕೂಗಿ ಒಂದು ಹಿಡಿ ಭತ್ತ ತರಿಸಿದ್ರು. 18 ತೋರಿಸ್ತು. ನಾ ಒಣ ಇರ್ತೈತಿ ಅಂದ್ಕೊಂಡಿದ್ದೆ, ಸ್ವಲ್ಪ ಹಸಿನೇ ಇತ್ತು, ಎರಡು ಕೆಜಿಗಿಂತ ಜಾಸ್ತಿ ಹೋಗೋ ಲೆಕ್ಕ. ಡಬ್ಬಿ ತಿರುಗಿಸಿ ಅವ್ರಿಗೆ ಕಾಣೋಹಂಗ ಹಿಡದೆ. ಅವ್ರು ನೋಡಿದ್ರು, ಮಗನ ಕಡೆ ತಿರುಗಿ, "ಇನ್ನೊಂದು ದಿನ ಒಣಗಿಸು ಅಂದ್ರ ಕೇಳ್ದೇನು ಮಗನ" ಅಂತ ಬೈದ್ರು, ಆಮೇಲೆ ನನ್ನ ಕಡೆ ನೋಡಿ, "ಬರಿ" ಅಂದ್ರು.